ಆಸ್ತಿ ಹಕ್ಕಿನ ಗೆರೆ ಎಳೆಯುವವರು ಯಾರು?

ವ್ಯಕ್ತಿಯ ಸ್ವಾತಂತ್ರ್ಯವೇ ಎಲ್ಲಕ್ಕಿಂತ ಮೊದಲು ಅನ್ನುವ ಲಿಬರ್ಟೇರಿಯನ್ ವಾದದ ಬೇರು ಸರಳ. ನಿನ್ನ ಮೈ ನಿನ್ನದು. ಆದ್ದರಿಂದ ನಿನ್ನ ದುಡಿಮೆಯೂ ನಿನ್ನದು, ದುಡಿದು ಪಡೆದದ್ದೂ ನಿನ್ನದು. ಸರ್ಕಾರ ಅದನ್ನು ಕಾದರೆ ಸಾಕು, ಮಿಕ್ಕಿದ್ದಕ್ಕೆ ತಲೆಹಾಕಬಾರದು. ಓದಿದಾಗ ತಲೆಯಾಡಿಸಬೇಕು ಅನ್ನಿಸುತ್ತೆ, ಅಲ್ವಾ?

ತೊಡಕು ಶುರುವಿನಲ್ಲೇ ಇದೆ. ಯಾರದೂ ಅಲ್ಲದ ನೆಲ ಮೊದಲ ಸಲ ಒಬ್ಬರದಾಗುವುದು ಹೇಗೆ? ನೆಲದ ಜೊತೆ ದುಡಿಮೆ ಬೆರೆತರೆ ಆಗುತ್ತೆ, ಆದರೆ ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಮಿಕ್ಕಿರಬೇಕು ಎಂದರು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. ಇದು 17ನೇ ಶತಮಾನದ ಮಾತು. 1974ರಲ್ಲಿ ಆಸ್ತಿ ಹಕ್ಕಿನ ಪರವೇ ನಿಂತ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ ಇದನ್ನು ಕೆಣಕಿದರು: ನನ್ನ ಡಬ್ಬಿಯ ಟೊಮೆಟೊ ರಸವನ್ನು ಸಮುದ್ರಕ್ಕೆ ಸುರಿದರೆ ಸಮುದ್ರ ನನ್ನದಾಗುತ್ತಾ, ಇಲ್ಲ ರಸ ಸುಮ್ನೆ ಹಾಳಾಯ್ತಾ? ಹಿಂದೆ ಕಿತ್ತುಕೊಂಡ ಆಸ್ತಿಯ ಅನ್ಯಾಯ ಸರಿಪಡಿಸಬೇಕು ಅಂತಲೂ ಅವರು ಒಪ್ಪುತ್ತಾರೆ. ಹೇಗೆ ಅನ್ನುವುದನ್ನು ಬಿಡಿಸಿ ಹೇಳುವುದಿಲ್ಲ. ಇದನ್ನು ಗುರುತು ಹಾಕಿಟ್ಟುಕೊಳ್ಳಿ.

ನನಗೆ ಇದಕ್ಕಿಂತ ಗಟ್ಟಿ ಅನ್ನಿಸುವ ಆಕ್ಷೇಪ ಬೇರೆ. ಆಸ್ತಿಯ ಗಡಿ ಎಲ್ಲಿದೆ ಅಂತ ಆಸ್ತಿ ಹಕ್ಕೇ ಹೇಳಲಾರದು. ನೆಲದ ಒಡೆಯನಿಗೆ ಮೇಲಿನ ಆಕಾಶವೂ ಸೇರಿದ್ದು ಅನ್ನುವ ಹಳೆಯ ನಿಯಮವೊಂದಿತ್ತು. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಒಂದು ಕೋಳಿ ಫಾರಂ ಮೇಲೆ, ಸುಮಾರು 83 ಅಡಿ ಎತ್ತರದಲ್ಲಿ ಸೇನೆಯ ವಿಮಾನಗಳು ಹಾರುತ್ತಿದ್ದವು. ಕೋಳಿಗಳು ಬೆದರಿ ಗೋಡೆಗೆ ಬಡಿದುಕೊಂಡು ಸಾಯುತ್ತಿದ್ದವು. 1946ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ನಿಯಮವನ್ನು ತಳ್ಳಿಹಾಕಿತು. ಹಾಗಂತ ಫಾರಂನವರನ್ನು ಬರಿಗೈಲಿ ಕಳಿಸಲಿಲ್ಲ, ಇಷ್ಟು ತಗ್ಗಿನಲ್ಲಿ ಹಾರಿದರೆ ಪರಿಹಾರ ಕೊಡಬೇಕು ಎಂದಿತು. ಗೆರೆ ಬಿತ್ತು. ಆದರೆ ಎಳೆದದ್ದು ಆಸ್ತಿ ತತ್ವವಲ್ಲ. ಇಡೀ ಆಕಾಶ ಹೊಲದವರದಾದರೆ ವಿಮಾನ ಹಾರುವುದೇ ಹೇಗೆ ಅನ್ನುವ ಎಲ್ಲರ ಹಿತದ ಲೆಕ್ಕ. ಹೊಗೆ, ಸದ್ದು, ಕೊಳಕು ನೀರಿನ ಕಥೆಯೂ ಇದೇ. ಪಕ್ಕದವರ ಜಾಗಕ್ಕೆ ಒಂದು ಕಣವೂ ಹೋಗಬಾರದು ಅಂದರೆ ಒಲೆ ಹಚ್ಚುವ ಹಾಗಿಲ್ಲ. ಸ್ವಲ್ಪ ಹೋಗಬಹುದು ಅಂದರೆ, ಎಷ್ಟು?

ಇನ್ನೊಂದು ಕೇಸು ಚಿಕ್ಕದು, ನನಗೆ ಜಾಸ್ತಿ ಕಾಡಿದ್ದು. 1904ರ ನವೆಂಬರ್, ಅಮೆರಿಕದ ಷಾಂಪ್ಲೇನ್ ಸರೋವರ. ಹಾಯಿದೋಣಿಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬಿರುಗಾಳಿ ಎದ್ದಾಗ ಯಾರದೋ ದ್ವೀಪದ ಕಟ್ಟೆಗೆ ದೋಣಿ ಕಟ್ಟಿದರು. ಒಡೆಯನ ಆಳು ಬಂದು ಹಗ್ಗ ಬಿಚ್ಚಿದ. ದೋಣಿ ದಡಕ್ಕೆ ಅಪ್ಪಳಿಸಿತು, ನಾಲ್ವರಿಗೂ ಪೆಟ್ಟಾಯಿತು ಅನ್ನುವುದು ದೂರು. 1908ರಲ್ಲಿ ಅಲ್ಲಿನ ವರ್ಮಾಂಟ್ ರಾಜ್ಯದ ಕೋರ್ಟ್ ದೋಣಿಯವರ ಪರ ನಿಂತಿತು.

ಬರೀ ಆಸ್ತಿ ಹಕ್ಕಿನ ಲೆಕ್ಕದಲ್ಲಿ ನೋಡಿದರೆ ಆಳು ತಪ್ಪು ಮಾಡಲಿಲ್ಲ. ಕಟ್ಟೆ ಧಣಿಯದು, ಹೇಳದೆ ಕೇಳದೆ ಬಂದವರು ಇವರು. ತುರ್ತು ಸಂದರ್ಭ ಬೇರೆ ಎಂದು ಲಿಬರ್ಟೇರಿಯನ್ನರು ಹೇಳಬಹುದು. ಹಾಗೆ ಹೇಳಿದ ಕೂಡಲೇ ಆಸ್ತಿಗಿಂತ ಮೇಲಿನದು ಒಂದಿದೆ ಅಂತ ಒಪ್ಪಿದ ಹಾಗಾಯ್ತು. ಒಪ್ಪದಿದ್ದರೆ, "ನಿನ್ನ ಮೈ ನಿನ್ನದು" ಅಂತ ಶುರುವಾದ ವಾದ ಆ ನಾಲ್ಕು ಮೈಗಳನ್ನು ಒಂದು ಗೂಟಕ್ಕಾಗಿ ಅಲೆಗೆ ಬಿಟ್ಟಂತೆ.