ಮೊದಲ ಪ್ರಶ್ನೆಗೆ ಸಿಗುವ ಉತ್ತರ

ಆನ್‌ಲೈನ್ ಗುಂಪುಗಳನ್ನು ಬಿಟ್ಟುಹೋಗುವವರು ಯಾರದೋ ಕೈಲಿ ಬೈಸಿಕೊಂಡು ಬೇಸತ್ತು ಹೋಗುತ್ತಾರೆ ಎಂದೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಸುದ್ದಿ, ಮನರಂಜನೆಯ ನಾಲ್ಕು ದೊಡ್ಡ ತಾಣಗಳಲ್ಲಿ ಓದುಗರು ಬರೆದದ್ದನ್ನೆಲ್ಲ ಜಾಲಾಡಿ ಜಸ್ಟಿನ್ ಚೆಂಗ್, ಜೂರೆ ಲೆಸ್ಕೊವೆಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೇ ಬೇರೆ. ಡೌನ್‌ವೋಟ್ (ಇದು ಚೆನ್ನಾಗಿಲ್ಲ ಎಂದು ಓದುಗರು ಒತ್ತುವ ವೋಟು) ತಿಂದವರು ಜಾಗ ಖಾಲಿ ಮಾಡುವುದಿಲ್ಲ. ಇನ್ನೂ ಹೆಚ್ಚು ಬರೆಯುತ್ತಾರೆ, ಮೊದಲಿಗಿಂತ ಕೆಟ್ಟದಾಗಿ ಬರೆಯುತ್ತಾರೆ, ಸಾಲದ್ದಕ್ಕೆ ಬೇರೆಯವರಿಗೂ ಡೌನ್‌ವೋಟ್ ಒತ್ತತೊಡಗುತ್ತಾರೆ. ಸದ್ದಿಲ್ಲದೆ ಕಾಣೆಯಾಗುವವರಲ್ಲಿ ಮೊದಲಿಗರು ಯಾವ ಪ್ರತಿಕ್ರಿಯೆಯೂ ಸಿಗದವರು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಬರೀ ಮೆಚ್ಚುಗೆಯ ವೋಟು ಸಿಕ್ಕವರು ಹೆಚ್ಚು ಬರೆಯಲೂ ಇಲ್ಲ, ಅವರ ಬರಹ ಸುಧಾರಿಸಲೂ ಇಲ್ಲ.

ಅಂದರೆ ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಹೋಗುವುದನ್ನು ದಯೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪರದೆಯ ಮೇಲೆ ದಯೆ ಎಂದರೆ ಇನ್ನೊಬ್ಬರು ಬರೆದದ್ದನ್ನು ಕೊನೆಯವರೆಗೆ ಓದಿ, ಅವರಿಗೆ ಅಂತಲೇ ನಾಲ್ಕು ಸಾಲು ಬರೆಯುವುದು. ಸಾಮಾಜಿಕ ಬಂಡವಾಳ, ಅಂದರೆ ಜನರ ನಡುವಿನ ನಂಬಿಕೆ, ಒಡನಾಟ, ಜಮೆಯಾಗುವುದು ಆ ಐದು ನಿಮಿಷದಲ್ಲಿ.

ಈ ಬಂಡವಾಳಕ್ಕೆ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ 1988ರಲ್ಲಿ ಕೊಟ್ಟ ಉದಾಹರಣೆ ನ್ಯೂಯಾರ್ಕಿನ ವಜ್ರದ ವ್ಯಾಪಾರಿಗಳದ್ದು. ವ್ಯಾಪಾರ ಕುದುರುವ ಮೊದಲೇ ಒಬ್ಬರು ಹರಳುಗಳ ಚೀಲವನ್ನು ಇನ್ನೊಬ್ಬರ ಕೈಗಿಡುತ್ತಾರೆ, ಪುರುಸೊತ್ತಾದಾಗ ನೋಡಿ ಹೇಳಿ ಅಂತ. ವಿಮೆಯಿಲ್ಲ, ಕರಾರುಪತ್ರವಿಲ್ಲ. ಆ ನಂಬಿಕೆ ಯಾರೊಬ್ಬರ ಜೇಬಿನಲ್ಲೂ ಇರುವುದಿಲ್ಲ, ಅವರ ನಡುವೆ ಇರುತ್ತದೆ. ಆದರೆ ಆ ವ್ಯಾಪಾರಿಗಳನ್ನು ನೆಂಟಸ್ತನ, ನೆರೆಹೊರೆ, ಪೂಜಾಸ್ಥಳ ಎಲ್ಲವೂ ಕಟ್ಟಿಹಾಕಿದ್ದವು. ಆನ್‌ಲೈನಿನಲ್ಲಿ ಹಾಗೆ ಕಟ್ಟಿಹಾಕುವಂಥದ್ದು ಏನೂ ಇಲ್ಲ. ಅಲ್ಲಿರುವುದು ದೂರದ ಪರಿಚಯ ಮಾತ್ರ.

ದೂರದ ಪರಿಚಯವನ್ನು ಹಗುರವಾಗಿ ಕಾಣುವುದು ಬೇಡ. ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಮಾರ್ಕ್ ಗ್ರ್ಯಾನೊವೆಟರ್ ಮಾತಾಡಿಸಿ 1973ರಲ್ಲಿ ಬರೆದ ಪ್ರಬಂಧದ ಪ್ರಕಾರ, ಶೇ. 83ರಷ್ಟು ಮಂದಿಗೆ ಸುಳಿವು ಕೊಟ್ಟವರು ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಸಿಗುತ್ತಿದ್ದವರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ಹೊಸ ವಿಷಯ ಬರುವುದು ಆಚೆಯಿಂದ.

ಪರಿಚಯವೇ ಇಲ್ಲದ ಕಡೆ ನಂಬಿಕೆ ಹುಟ್ಟುವುದು ಹೇಗೆ? ಆಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೊ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ವಿದ್ಯಾರ್ಥಿಯೊಬ್ಬನ ಉದ್ಯೋಗದ ಅರ್ಜಿಪತ್ರವನ್ನು ತಿದ್ದಿಕೊಟ್ಟವರಿಗೆ ಅವನಿಂದ ಇಮೇಲ್ ಬಂತು. ಕೆಲವರಿಗೆ ‘ತಲುಪಿತು’ ಎಂದಷ್ಟೇ, ಉಳಿದವರಿಗೆ ಮನಸಾರೆ ಧನ್ಯವಾದ. ಜತೆಗೆ ಇನ್ನೊಂದು ಪತ್ರವನ್ನೂ ತಿದ್ದಿಕೊಡಿ ಎಂಬ ಕೋರಿಕೆ. ಮೊದಲ ಗುಂಪಿನಲ್ಲಿ ಒಪ್ಪಿದವರು ಶೇ. 32, ಎರಡನೆಯದರಲ್ಲಿ ಶೇ. 66. ಸಮುದಾಯ ಕಟ್ಟುವವರಿಗೆ ಇದಕ್ಕಿಂತ ಮುಖ್ಯವಾದದ್ದು ಮುಂದಿನ ಪ್ರಯೋಗ. ಅದರಲ್ಲಿ ಎರಡನೆಯ ಕೋರಿಕೆ ಬಂದದ್ದು ಸಂಬಂಧವೇ ಇಲ್ಲದ ಬೇರೊಬ್ಬನಿಂದ. ಆಗಲೂ ಧನ್ಯವಾದ ಸಿಕ್ಕವರಲ್ಲಿ ಶೇ. 55 ಮಂದಿ ನೆರವಾದರು, ಸಿಗದವರಲ್ಲಿ ಶೇ. 25. ಒಬ್ಬ ಹೇಳಿದ ಧನ್ಯವಾದದ ಫಲ ಮೂರನೆಯವನಿಗೆ ಸಿಕ್ಕಿತು.

ಇದನ್ನು ದಿನಬಳಕೆಗೆ ಇಳಿಸೋಣ. ಹೊಸಬರೊಬ್ಬರು ‘ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಏನ್ ಮಾಡ್ಲಿ?’ ಎಂದು ಬರೆದಿದ್ದಾರೆ ಅನ್ನಿ. ಮಾದರಿ ಯಾವುದು, ಏನಾಯಿತು, ಒಂದೂ ಇಲ್ಲ. ‘ಗೂಗಲ್ ಮಾಡಿ’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಅಯ್ಯೋ ಪಾಪ, ಬೇಗ ಸರಿಹೋಗಲಿ’ ಎಂದರೂ ಲ್ಯಾಪ್‌ಟಾಪ್ ಆನ್ ಆಗುವುದಿಲ್ಲ. ಹೀಗೆ ಬರೆದು ನೋಡಿ: ‘ಚಾರ್ಜರ್ ಹಾಕಿದಾಗ ಲೈಟ್ ಉರಿಯುತ್ತಾ? ಒಮ್ಮೆ ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಏನಾಯ್ತು ಅಂತ ಇಲ್ಲೇ ತಿಳಿಸಿ.’ ಸಮಸ್ಯೆಯನ್ನು ಕಿರಿದುಗೊಳಿಸುವ ಒಂದು ಪ್ರಶ್ನೆ, ಕೂಡಲೇ ಮಾಡಬಹುದಾದ ಒಂದು ಕೆಲಸ, ಮರಳಿ ಬರಲು ಒಂದು ಕರೆ, ಇಷ್ಟಿದ್ದರೆ ಸಾಕು. ‘ಇಲ್ಲೇ’ ಎಂಬುದನ್ನು ಬಿಡಬೇಡಿ. ಇನ್‌ಬಾಕ್ಸಿನಲ್ಲಿ ಬಗೆಹರಿದ ಸಮಸ್ಯೆಯಿಂದ ಒಬ್ಬರಿಗಷ್ಟೇ ಉಪಕಾರ. ಎಲ್ಲರೆದುರು ಬಗೆಹರಿದರೆ ಸುಮ್ಮನೆ ಓದುತ್ತ ಕೂತವರಿಗೂ ಇಲ್ಲಿ ಕೇಳಬಹುದು ಎಂಬ ಧೈರ್ಯ ಬರುತ್ತದೆ.

ಬರಹದಲ್ಲಿ ದನಿ ಕೇಳಿಸುವುದಿಲ್ಲ. ಇಮೇಲಿನಲ್ಲಿ ವ್ಯಂಗ್ಯವಾಗಿ ಬರೆದದ್ದು ಯಾವುದು, ಗಂಭೀರವಾಗಿ ಬರೆದದ್ದು ಯಾವುದು ಎಂದು ಓದುವವರಿಗೆ ತಿಳಿಯುತ್ತದೆಯೇ ಎಂದು ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪರೀಕ್ಷಿಸಿದರು. ಶೇ. 78ರಷ್ಟು ಸಲ ತಿಳಿದೀತು ಎಂಬುದು ಬರೆದವರ ನಿರೀಕ್ಷೆ. ತಿಳಿದದ್ದು ಶೇ. 56ರಷ್ಟು ಸಲ, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸು ಮೇಲು. ಹಾಗಾಗಿ ಅಪರಿಚಿತರ ಜತೆ ತಮಾಷೆಗೂ ಚುಚ್ಚುಮಾತು ಬೇಡ. ‘ಆಗಲೇ ಹೇಳಿದೆನಲ್ಲ’ ಎಂಬಂಥ ಸಾಲನ್ನು ಅಳಿಸಿಬಿಡಿ, ಉತ್ತರದಲ್ಲಿ ಏನೂ ಕಡಿಮೆಯಾಗುವುದಿಲ್ಲ.

ದಯೆ ಎಂದರೆ ಏನನ್ನೂ ಅಳಿಸದೆ ಬಿಡುವುದು ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಒಳ್ಳೆಯ ಗುಂಪುಗಳು ಹಾಳಾಗಿವೆ. ಹೀನಾಯವಾಗಿ ಮಾತಾಡುವವನೊಬ್ಬನನ್ನು ಸಹಿಸಿಕೊಂಡರೆ ಅದರ ಬೆಲೆ ತೆರುವವರು ಸುಮ್ಮನೆ ಹೊರಟುಹೋಗುವ ಹತ್ತಾರು ಮಂದಿ. ಅಳಿಸಬೇಕು, ಕಾರಣವನ್ನೂ ಹೇಳಬೇಕು. ರೆಡಿಟ್ ಎಂಬ ಚರ್ಚಾತಾಣದ 3.2 ಕೋಟಿ ಪೋಸ್ಟ್‌ಗಳನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ, ಯಾಕೆ ತೆಗೆದೆವು ಎಂಬ ವಿವರಣೆ ಸಿಕ್ಕವರ ಮುಂದಿನ ಪೋಸ್ಟ್‌ಗಳು ತೆಗೆಸಿಕೊಳ್ಳುವ ಸಂಭವ ಕಡಿಮೆಯಿತ್ತು. ಆ ವಿವರಣೆಯನ್ನು ಬಾಟ್ (ತಾನಾಗಿ ಬರೆಯುವ ತಂತ್ರಾಂಶ) ಬರೆದರೂ ನಡೆಯುತ್ತದೆ ಎಂಬುದು ಗುಂಪನ್ನು ನೋಡಿಕೊಳ್ಳುವ ಮಾಡರೇಟರ್‌ಗಳಿಗೆ ನೆಮ್ಮದಿಯ ಸುದ್ದಿ.

ಹಿಂದೆಮುಂದೆ ನೋಡದೆ ಅಳಿಸುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷ್ ವಿಕಿಪೀಡಿಯ ಸಾಕ್ಷಿ. ಅಲ್ಲಿನ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತು. ಕಿಡಿಗೇಡಿಗಳನ್ನು ತಡೆಯಲೆಂದು ತಂದ ಅರೆ-ಸ್ವಯಂಚಾಲಿತ ಸಲಕರಣೆಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ತಿದ್ದುಪಡಿಗಳನ್ನೂ ಕ್ಷಣದಲ್ಲಿ ರದ್ದುಮಾಡುತ್ತಿದ್ದವು, ಅವರು ಮರಳಲಿಲ್ಲ ಎಂದು ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಇದಕ್ಕೆ ವಿರುದ್ಧವಾದ ಪ್ರಯೋಗ ಜರ್ಮನ್ ಭಾಷೆಯ ವಿಕಿಪೀಡಿಯದಲ್ಲಿ ನಡೆಯಿತು. ಯಾನಾ ಗಾಲಸ್ 4,007 ಹೊಸ ಸಂಪಾದಕರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಅವರಿಗೆ ಹಣವಿಲ್ಲದ ಸಾಂಕೇತಿಕ ಪುರಸ್ಕಾರ ಸಿಗುವಂತೆ ಮಾಡಿದರು. ಮುಂದಿನ ತಿಂಗಳೂ ಬರೆಯುತ್ತ ಉಳಿದವರ ಪ್ರಮಾಣ ಶೇ. 20ರಷ್ಟು ಏರಿತು.

ಎಲ್ಲ ಸರಿಯಿದ್ದೂ ಸೋಲುವ ಗುಂಪುಗಳಿವೆ. ಸಾಮಾನ್ಯ ಕಾರಣ, ಉತ್ತರಿಸುವವರು ಮೂರೋ ನಾಲ್ಕೋ ಮಂದಿ. ಅವರು ದಣಿದು ನಿಂತ ದಿನ ಗುಂಪೂ ನಿಲ್ಲುತ್ತದೆ. ಹಳಬರು ಸುಲಭದ ಪ್ರಶ್ನೆಗಳಿಗೆ ಒಂದೆರಡು ಗಂಟೆ ಬೇಕೆಂದೇ ಸುಮ್ಮನಿರಬೇಕು. ಕಳೆದ ವಾರ ಅದೇ ತೊಂದರೆ ದಾಟಿದವರನ್ನು ಹೆಸರು ಹಿಡಿದು ಕರೆಯಬೇಕು: ‘ಇದು ನಿಮಗೂ ಆಗಿತ್ತಲ್ಲ, ಹೇಗೆ ಸರಿಮಾಡಿದಿರಿ?’ ಇನ್ನೊಂದು ಕಾರಣ, ಹಳಬರ ಒಡನಾಟ ಬಿಗಿಯಾಗಿ ಅವರ ಒಳನಗೆ, ಸಂಕ್ಷಿಪ್ತ ಪದಗಳು ಹೊಸಬರಿಗೆ ಗೋಡೆಯಾಗುವುದು. ಹೊಸಬರು ಇರುವ ಮಾತುಕತೆಯಲ್ಲಿ ಅವನ್ನು ಬಿಡಿಸಿ ಬರೆದರೆ ಆಯಿತು.

ನಿಮ್ಮ ಗುಂಪಿನ ಬಂಡವಾಳ ಬೆಳೆಯುತ್ತಿದೆಯೇ ಎಂದು ನೋಡಲು ಸದಸ್ಯರ ಸಂಖ್ಯೆಯನ್ನೂ ಲೈಕುಗಳನ್ನೂ ಬಿಡಿ. ತಿಂಗಳಿಗೊಮ್ಮೆ ಮೂರು ಲೆಕ್ಕ ತೆಗೆಯಿರಿ. 24 ಗಂಟೆಯಲ್ಲಿ ಒಂದೂ ಉತ್ತರ ಕಾಣದ ಪ್ರಶ್ನೆಗಳೆಷ್ಟು? ಉತ್ತರ ಕೊಟ್ಟವರು ಒಟ್ಟು ಎಷ್ಟು ಮಂದಿ? ಹೋದ ವರ್ಷ ಬರೀ ಪ್ರಶ್ನೆ ಕೇಳುತ್ತಿದ್ದವರಲ್ಲಿ ಈಗ ಬೇರೆಯವರಿಗೆ ಉತ್ತರಿಸುತ್ತಿರುವವರೆಷ್ಟು? ಮೂರನೆಯ ಸಂಖ್ಯೆ ಏರುತ್ತಿದ್ದರೆ ಉಳಿದೆರಡು ಹದಕ್ಕೆ ಬರಲು ಹೆಚ್ಚು ದಿನ ಬೇಕಿಲ್ಲ.