ಪದ ಪರಿಚಯ: ಡಿಯೋರಾ

ಡಿಯೋರಾ ಒಂದು ಪಿಕಪ್ ಗಾಡಿಯ ಹೆಸರು. ಈ ಹೆಸರಿನ ನಿಜವಾದ ಗಾಡಿ ತಯಾರಾಗಿದ್ದು ಒಂದೇ ಒಂದು, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಅದೇ ಗಾಡಿ ಪುಟ್ಟ ಆಟಿಕೆಯಾಗಿ ಲೆಕ್ಕವಿಲ್ಲದಷ್ಟು ಮಕ್ಕಳ ಕೈ ಸೇರಿತು. ಹಾಗಾಗಿ ಎಷ್ಟೋ ಜನರಿಗೆ ಈ ಪದ ಗೊತ್ತಾಗಿದ್ದು ಆಟಿಕೆಯ ಡಬ್ಬಿಯಿಂದಲೇ.

ಡಿಯೋರಾ ಅರ್ಥವಾಗಬೇಕಾದರೆ ಮೊದಲು ಇನ್ನೆರಡು ಪದ ಗೊತ್ತಿರಬೇಕು: ಹಾಟ್ ರಾಡ್ ಮತ್ತು ಕಸ್ಟಮ್. ಇವೆರಡನ್ನೂ ಜನ ಒಂದೇ ಅಂದುಕೊಳ್ಳುವುದು ಜಾಸ್ತಿ. ಹಾಟ್ ರಾಡ್ ಅಂದರೆ ವೇಗದ ಹುಚ್ಚು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರು ಕೊಂಡು, ಮಡ್‌ಗಾರ್ಡ್, ಬಾನೆಟ್ ಎಲ್ಲ ಕಿತ್ತು ತೂಕ ಇಳಿಸಿ, ಇಂಜಿನ್ ಬಲಪಡಿಸಿ ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. ಕಸ್ಟಮ್‌ನ ಗುರಿ ಬೇರೆ. ಅಲ್ಲಿ ವೇಗಕ್ಕಿಂತ ರೂಪ ಮುಖ್ಯ. ಕಾರ್ಖಾನೆಯಿಂದ ಬಂದ ಗಾಡಿಯ ತಗಡು ಕತ್ತರಿಸಿ, ಬೆಸುಗೆ ಹಾಕಿ, ಬೇರೆಯದೇ ಆಕಾರ ಕೊಡುವುದು. ನಮ್ಮ ಗ್ಯಾರೇಜಿನ ಮಾತಲ್ಲಿ ಹೇಳುವುದಾದರೆ ಹಾಟ್ ರಾಡ್ ಮೆಕ್ಯಾನಿಕ್ ಕೆಲಸ, ಕಸ್ಟಮ್ ಟಿಂಕರಿಂಗ್ ಕೆಲಸ. ಎರಡನ್ನೂ ಮಾಡುವ ಕೈಗಳು ಎಷ್ಟೋ ಸಲ ಒಂದೇ ಆಗಿದ್ದವು, ಅದಕ್ಕೇ ಈ ಗೊಂದಲ.

ಡಿಯೋರಾ ಅಪ್ಪಟ ಕಸ್ಟಮ್. ಅದನ್ನು ಕಟ್ಟಿದವರು ಮೈಕ್ ಮತ್ತು ಲ್ಯಾರಿ ಅಲೆಕ್ಸಾಂಡರ್ ಎಂಬ ಅಣ್ಣ-ತಮ್ಮ. ರೂಪ ಬರೆದುಕೊಟ್ಟವರು ಹ್ಯಾರಿ ಬೆಂಟ್ಲಿ ಬ್ರಾಡ್ಲಿ. ಇವರು ಆಗ ಜನರಲ್ ಮೋಟಾರ್ಸ್‌ನಲ್ಲಿ ಡಿಸೈನರ್. ಅವರು ಆರಿಸಿಕೊಂಡ ಗಾಡಿ ಡಾಡ್ಜ್ ಎ100. ಸಾಮಾನು ಸಾಗಿಸಲು ಮಾಡಿದ, ಮೂತಿಯೇ ಇಲ್ಲದ ಪಿಕಪ್. ಅದರಲ್ಲಿ ಡ್ರೈವರ್ ಮುಂದಿನ ಗಾಲಿಗಳ ಮೇಲೇ ಕೂರುತ್ತಾನೆ. ಇಂಜಿನ್ ಎರಡು ಸೀಟುಗಳ ನಡುವೆ, ಒಂದು ಮುಚ್ಚಳದ ಕೆಳಗೆ. ಮಾರುತಿ ಓಮ್ನಿಯ ಮುಂದಿನ ಸೀಟಿನಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಬಂದವರಿಗೆ ಈ ವಿವರ ಬಿಡಿಸಿ ಹೇಳಬೇಕಿಲ್ಲ. ಸೀಟಿನಡಿಯ ಆ ಬಿಸಿ ನನಗೆ ಇನ್ನೂ ನೆನಪಿದೆ.

ಇಂಥ ಡಬ್ಬದಂತಹ ಗಾಡಿಯನ್ನು ಸುಂದರ ಮಾಡುವುದು ಹೇಗೆ? ಕಸ್ಟಮ್ ಕೆಲಸದವರ ಹತ್ತಿರ ಇದಕ್ಕೆ ಮೂರು ಮಾತುಗಳಿವೆ. ಚಾಪ್ ಅಂದರೆ ಚಾವಣಿ ಹೊತ್ತ ಕಂಬಗಳನ್ನು ಕತ್ತರಿಸಿ, ಚಾವಣಿಯನ್ನು ಕೆಳಗಿಳಿಸುವುದು. ಸೆಕ್ಷನ್ ಅಂದರೆ ಬಾಡಿಯ ಹೊಟ್ಟೆಯ ಭಾಗದಲ್ಲಿ ಸುತ್ತಲೂ ಒಂದು ಅಡ್ಡಪಟ್ಟಿ ಕತ್ತರಿಸಿ ತೆಗೆದು, ಮೇಲಿನದನ್ನೂ ಕೆಳಗಿನದನ್ನೂ ಮತ್ತೆ ಜೋಡಿಸುವುದು. ಮೂರರಲ್ಲಿ ಕಷ್ಟದ ಕೆಲಸ ಇದೇ ಅನ್ನಬೇಕು. ಬಾಡಿ ಮೇಲೂ ಕೆಳಗೂ ಒಂದೇ ಅಗಲ ಇರುವುದಿಲ್ಲವಲ್ಲ, ಪಟ್ಟಿ ತೆಗೆದ ಮೇಲೆ ಅಂಚಿಗೆ ಅಂಚು ಕೂಡಿಬರುವುದಿಲ್ಲ. ಬಡಿದು, ಎಳೆದು, ಬಗ್ಗಿಸಿ ಕೂಡಿಸಬೇಕು. ಚಾನೆಲ್ ಅಂದರೆ ಬಾಡಿಯ ತಳ ಕತ್ತರಿಸಿ, ಅದು ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಮೇಲೆ ಕೂರುವ ಬದಲು ಚಾಸಿಯನ್ನೇ ತಬ್ಬಿ ಕೆಳಗಿಳಿಯುವ ಹಾಗೆ ಮಾಡುವುದು. ಡಿಯೋರಾಗೆ ಈ ಮೂರೂ ಆಗಿವೆ.

ಇಷ್ಟಾದ ಮೇಲೆ ಒಂದು ತೊಡಕು ಬಂತು. ಅಷ್ಟು ತಗ್ಗಿದ ಗಾಡಿಯ ಪಕ್ಕದಲ್ಲಿ ಬಾಗಿಲಿಟ್ಟರೆ ಅದರ ಗೆರೆಗಳು ಇಡೀ ರೂಪವನ್ನು ಕತ್ತರಿಸುತ್ತವೆ. ಬ್ರಾಡ್ಲಿ ಬಾಗಿಲನ್ನೇ ತೆಗೆದುಬಿಟ್ಟರು. ಹಾಗಾದರೆ ಒಳಗೆ ಹೋಗುವುದು? ಮುಂದಿನಿಂದ! 1960ರ ಫೋರ್ಡ್ ಸ್ಟೇಷನ್ ವ್ಯಾಗನ್ ಕಾರಿನ ಹಿಂಬದಿಯ ಗಾಜನ್ನು ತಂದು ಡಿಯೋರಾದ ಮುಂಗಾಜು ಮಾಡಿದರು. ವ್ಯಾಗನ್‌ನಲ್ಲಿ ಸಾಮಾನು ಇಡಲು ಮೇಲಕ್ಕೆ ತೆರೆಯುತ್ತಿದ್ದ ಗಾಜು, ಇಲ್ಲಿ ಡ್ರೈವರ್‌ಗೆ ದಾರಿಯಾಯಿತು. ಗಾಜು ಮೇಲಕ್ಕೇಳುತ್ತದೆ, ಅದರ ಕೆಳಗಿನ ತಗಡು ಗೇಟಿನಂತೆ ತೆರೆಯುತ್ತದೆ, ಎದುರಿನಿಂದ ಹೆಜ್ಜೆ ಇಟ್ಟು ತಿರುಗಿ ಕೂರಬೇಕು. ನನ್ನ ಪ್ರಕಾರ ಇಡೀ ಗಾಡಿಯಲ್ಲಿ ಇದೇ ಜಾಣತನದ ಜಾಗ. ಹೊಸದೇನನ್ನೂ ಅಚ್ಚು ಹಾಕಿಸಲಿಲ್ಲ, ಇನ್ನೊಂದು ಗಾಡಿಯ ಬೆನ್ನನ್ನು ಈ ಗಾಡಿಯ ಮುಖ ಮಾಡಿದರು.

ಇಂಜಿನ್ ಕೂಡ ಸೀಟುಗಳ ನಡುವೆ ಉಳಿಯಲಿಲ್ಲ. ಅದನ್ನು ಹಿಂದಕ್ಕೆ ಸರಿಸಿ, ಸಾಮಾನು ಹೇರುವ ಜಾಗದಲ್ಲಿ ಮುಚ್ಚಳದಡಿ ಇಟ್ಟರು. ಅಂದರೆ ಪಿಕಪ್ ಹುಟ್ಟಿದ್ದೇ ಯಾವ ಕೆಲಸಕ್ಕೋ ಆ ಕೆಲಸ ಅಲ್ಲಿಗೆ ಮುಗಿಯಿತು. ಇದರ ಬಗ್ಗೆ ಬೇಸರಪಡುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದುಡಿಯುವ ಗಾಡಿಗಳು ಸಾವಿರಾರು ಇದ್ದವು, ಒಂದಾದರೂ ಸುಮ್ನೆ ಚೆಂದವಾಗಿರಲಿ, ಅಲ್ವಾ?

ಹೆಸರಿನ ಕತೆ ಚಿಕ್ಕದು. ಪ್ಲಾಸ್ಟಿಕ್ ಮಾದರಿ ಕಿಟ್ ಮಾಡುವ ಎಎಂಟಿ ಕಂಪನಿ ಹೆಸರಿಡುವ ಸ್ಪರ್ಧೆ ನಡೆಸಿತು. 13 ವರ್ಷದ ಹುಡುಗನೊಬ್ಬ ಸೂಚಿಸಿದ್ದು ಡಿಯೋರಾ. ಸ್ಪ್ಯಾನಿಷ್‌ನಲ್ಲಿ 'ಡೆ ಓರೊ' ಅಂದರೆ ಬಂಗಾರದ್ದು. ಅದೇ ಸ್ವಲ್ಪ ತಿರುಚಿ ಡಿಯೋರಾ ಆಯಿತು. ಗಾಡಿಯ ಬಣ್ಣವೂ ಬಂಗಾರವೇ, ಹೆಸರು ಸರಿಯಾಗಿ ಹೊಂದಿತು.

1967ರಲ್ಲಿ ಡಿಯೋರಾ ಡೆಟ್ರಾಯಿಟ್‌ನ ಆಟೋರಾಮಾ ಪ್ರದರ್ಶನದಲ್ಲಿ ರಿಡ್ಲರ್ ಪ್ರಶಸ್ತಿ ಗೆದ್ದಿತು. ಕಸ್ಟಮ್ ಲೋಕದಲ್ಲಿ ಇದು ಬಹಳ ದೊಡ್ಡ ಗೌರವ. ಆಮೇಲೆ ಡಾಡ್ಜ್‌ನ ಮಾತೃಸಂಸ್ಥೆ ಕ್ರೈಸ್ಲರ್ ಇದನ್ನು ಬಾಡಿಗೆಗೆ ಪಡೆದು ತನ್ನ ಪ್ರದರ್ಶನಗಳಲ್ಲಿ ತೋರಿಸಿತು. ಅಣ್ಣ-ತಮ್ಮ ತಮ್ಮ ಅಂಗಡಿಯಲ್ಲಿ ಕೈಯಾರೆ ಕಟ್ಟಿದ್ದು ಕಂಪನಿಯದೇ ಗಾಡಿಯ ಹಾಗೆ ಮೆರೆಯಿತು. 2009ರ ಹರಾಜಿನಲ್ಲಿ ಅದಕ್ಕೆ ಸಿಕ್ಕ ಬೆಲೆ 3,24,500 ಡಾಲರ್.

ಈ ಹರಾಜಿಗೂ ಬಹಳ ಮೊದಲೇ ಬ್ರಾಡ್ಲಿ ಆಟಿಕೆ ಕಂಪನಿ ಮ್ಯಾಟೆಲ್‌ಗೆ ಹೋಗಿದ್ದರು. 1968ರಲ್ಲಿ ಹಾಟ್ ವೀಲ್ಸ್ ಅಂತ ಮೊದಲ 16 ಪುಟ್ಟ ಕಾರುಗಳು ಹೊರಬಂದಾಗ ಅವುಗಳಲ್ಲಿ ಡಿಯೋರಾವೂ ಒಂದು. ಆಟಿಕೆಯ ಬೆನ್ನ ಮೇಲೆ ಎರಡು ಸರ್ಫಿಂಗ್ ಹಲಗೆಗಳಿದ್ದವು, ಅವುಗಳನ್ನು ತೆಗೆದು ಇಡಬಹುದಿತ್ತು. ಅಂಥದ್ದೊಂದು ಕೈಗೆ ಸಿಕ್ಕರೆ ಪಕ್ಕಕ್ಕೆ ತಿರುಗಿಸಿ ನೋಡಿ. ಬಾಗಿಲಿನ ಗೆರೆ ಕಾಣುವುದಿಲ್ಲ. ಆಟಿಕೆ ಮಾಡುವವರು ಮರೆತದ್ದೇನೂ ಅಲ್ಲ, ನಿಜವಾದ ಗಾಡಿಯೇ ಹಾಗಿದೆ.