ಓದುಗರ ಪ್ರಶ್ನೆ: ರೋಮಿನ ದುಡ್ಡಿನ ಕಥೆ ಗ್ರೀನ್‌ಲ್ಯಾಂಡಿನ ಹಿಮಕ್ಕೆ ಹೇಗೆ ಗೊತ್ತು?

"ರೋಮನ್ನರ ಆರ್ಥಿಕತೆ ಯಾವಾಗ ಏರಿತು, ಯಾವಾಗ ಬಿತ್ತು ಅಂತ ಗ್ರೀನ್‌ಲ್ಯಾಂಡಿನ ಹಿಮ ನೋಡಿ ಹೇಳ್ತಾರಂತೆ. ರೋಮನ್ನರು ಅಲ್ಲಿಗೆ ಹೋಗೇ ಇರಲಿಲ್ಲ ಅಲ್ವಾ?"

ಜನ ಹೋಗಿರಲಿಲ್ಲ ನಿಜ. ಆದರೆ ಅವರ ಕುಲುಮೆಗಳ ಹೊಗೆ ಹೋಗಿತ್ತು, ಆ ಹೊಗೆಯಲ್ಲಿ ಸೀಸ ಇತ್ತು.

ರೋಮಿನ ಮುಖ್ಯ ನಾಣ್ಯ ದಿನಾರಿಯಸ್, ಬೆಳ್ಳಿಯದು. ಆಗ ಬೆಳ್ಳಿ ಹೆಚ್ಚಾಗಿ ಸಿಗುತ್ತಿದ್ದದ್ದು ಸೀಸದ ಅದಿರಿನ ಜೊತೆಗೇ. ಅದಿರನ್ನು ಕರಗಿಸಿ, ಬಂದ ಸೀಸವನ್ನು ಮೂಳೆ ಬೂದಿ ಮೆತ್ತಿದ ಒಲೆಯಲ್ಲಿಟ್ಟು, ಗಾಳಿ ಊದುತ್ತಾ ಕೆಂಪಗೆ ಕಾಯಿಸುತ್ತಿದ್ದರು. ಸೀಸ ಗಾಳಿಯ ಆಮ್ಲಜನಕದ ಜೊತೆ ಸೇರಿ ಬೇರೆಯಾಗುತ್ತಿತ್ತು, ತಳದಲ್ಲಿ ಬೆಳ್ಳಿ ಉಳಿಯುತ್ತಿತ್ತು. ಈ ಕೆಲಸದಲ್ಲಿ ಒಂದಿಷ್ಟು ಸೀಸ ಹೊಗೆಯಾಗಿ ಮೇಲೇರಿ, ಸಾವಿರಾರು ಕಿಲೋಮೀಟರ್ ಗಾಳಿಯಲ್ಲಿ ತೇಲಿ, ಉತ್ತರದಲ್ಲಿ ಹಿಮದ ಜೊತೆ ಕೆಳಗೆ ಬಿತ್ತು. ಪ್ರತಿ ವರ್ಷ ಹೊಸ ಹಿಮ ಬೀಳುತ್ತದೆ, ಹಳೆಯದು ಅಡಿಯಲ್ಲಿ ಒತ್ತಿ ಗಟ್ಟಿಯಾಗುತ್ತದೆ. ಪದರ ಎಣಿಸಿದರೆ ವರ್ಷ ಸಿಗುತ್ತದೆ. ಜ್ವಾಲಾಮುಖಿಗಳು ಸಿಡಿದಾಗ ಉಳಿದ ಗಂಧಕದ ಗುರುತುಗಳು ಲೆಕ್ಕ ತಪ್ಪದಂತೆ ಕಾಯುತ್ತವೆ.

ಪ್ರಮಾಣ ಎಷ್ಟು ಕಡಿಮೆ ಗೊತ್ತಾ? ಸಹಜವಾಗಿ ಇರಬೇಕಾದದ್ದು ಲಕ್ಷ ಕೋಟಿ ಭಾಗದಲ್ಲಿ ಅರ್ಧ ಭಾಗ ಸೀಸ, ರೋಮನ್ ಕಾಲದ ಹಿಮದಲ್ಲಿ ಸುಮಾರು ಎರಡು ಭಾಗ. ಕೈ ತಾಗಿದರೂ ಮಾದರಿ ಕೆಡುತ್ತದೆ, ಹಾಗಾಗಿ ಕೊರೆದು ತೆಗೆದ ಹಿಮದ ಕಂಬದ ಹೊರಗಿನ ಭಾಗ ಬಿಟ್ಟು ಒಳಗಿನದನ್ನು ಮಾತ್ರ ಅಳೆಯುತ್ತಾರೆ. 1994ರ ಅಧ್ಯಯನದಲ್ಲಿ ಇಡೀ ಕಾಲಕ್ಕೆ ಸಿಕ್ಕಿದ್ದು ಬರೀ 18 ಅಳತೆ. 2018ರಲ್ಲಿ ಬಂದ ಅಧ್ಯಯನದಲ್ಲಿ ಕಂಬವನ್ನು ಬಿಸಿ ತಟ್ಟೆಯ ಮೇಲೆ ನಿಧಾನವಾಗಿ ಕರಗಿಸುತ್ತಾ, ವರ್ಷಕ್ಕೆ ಹನ್ನೆರಡರ ಹತ್ತಿರ ಅಳತೆ ತೆಗೆದರು. ನನ್ನ ಪ್ರಕಾರ ಆಟ ಬದಲಾಗಿದ್ದು ಇಲ್ಲೇ, ಯಾಕಂದ್ರೆ ಯುದ್ಧ, ರೋಗಗಳಂಥ ಕೆಲವೇ ವರ್ಷಗಳ ಘಟನೆಗಳೂ ಗ್ರಾಫಿನಲ್ಲಿ ಕಾಣತೊಡಗಿದವು.

ಸೀಸ ಹೆಚ್ಚಿದ್ದರೆ ಬೆಳ್ಳಿ ತೆಗೆಯುವ ಕೆಲಸ ಜೋರಾಗಿತ್ತು ಅಂತ ಅರ್ಥ. ಫಿನೀಷಿಯನ್ನರು (ಈಗಿನ ಲೆಬನಾನ್ ಕರಾವಳಿಯ ಹಡಗು ವ್ಯಾಪಾರಿಗಳು) ಪಶ್ಚಿಮ ಮೆಡಿಟರೇನಿಯನ್ ಕಡೆಗೆ ಬಂದ ಕಾಲದಲ್ಲಿ ಸೀಸ ಏರುತ್ತದೆ. ರೋಮನ್ ಗಣರಾಜ್ಯದ ಕೊನೆಯ ಕಚ್ಚಾಟದ ದಶಕಗಳಲ್ಲಿ ಇಳಿಯುತ್ತದೆ. ಚಕ್ರವರ್ತಿಗಳ ಕಾಲದ ಶಾಂತಿಯಲ್ಲಿ ಹಲವು ಪಟ್ಟು ಏರುತ್ತದೆ. ಕ್ರಿ.ಶ. 165ರಲ್ಲಿ ಅಂಟೋನೈನ್ ಪ್ಲೇಗ್ ಎಂಬ ಸಾಂಕ್ರಾಮಿಕ ರೋಗ ಬಂದ ಮೇಲೆ ಕುಸಿದದ್ದು ಐದು ಶತಮಾನಕ್ಕೂ ಹೆಚ್ಚು ಕಾಲ ಮತ್ತೆ ಆ ಎತ್ತರ ಮುಟ್ಟಲಿಲ್ಲ.

ಈ ಸೀಸ ಯಾವ ಗಣಿಯದು ಅನ್ನುವುದಕ್ಕೆ ಐಸೋಟೋಪ್ (ಒಂದೇ ಮೂಲಧಾತುವಿನ, ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳು) ಸುಳಿವು ಇದೆ. ಬೇರೆ ಬೇರೆ ಅದಿರಿನಲ್ಲಿ ಸೀಸದ ಐಸೋಟೋಪ್‌ಗಳ ಪ್ರಮಾಣ ಬೇರೆ. ಗ್ರೀನ್‌ಲ್ಯಾಂಡಿನ ಆ ಕಾಲದ ಸೀಸದಲ್ಲಿ ದೊಡ್ಡ ಪಾಲು ಸ್ಪೇನಿನ ರಿಯೋ ಟಿಂಟೋ ಗಣಿಗಳ ಕಡೆ ಬೊಟ್ಟು ಮಾಡುತ್ತದೆ. ಸ್ವೀಡನ್ನಿನ ಸರೋವರಗಳ ಹೂಳಿನಲ್ಲೂ ಸುಮಾರು 2000 ವರ್ಷ ಹಿಂದಿನ ಪದರದಲ್ಲಿ ಸೀಸ ಏರುತ್ತದೆ, ಹಾಗಾಗಿ ಇದು ಒಂದೇ ಜಾಗದ ಆಕಸ್ಮಿಕ ಅಲ್ಲ. ಅಂದಹಾಗೆ ಬೆಂಗಳೂರಿನ ಯಶವಂತಪುರದ ಹತ್ತಿರ 1891ರಲ್ಲಿ ಸಿಕ್ಕ ನಾಣ್ಯಗಳೂ ಇದೇ ದಿನಾರಿಯಸ್‌ಗಳು, ಅಗಸ್ಟಸ್, ಟಿಬೇರಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು.

ಆದರೂ ಇದನ್ನು ರೋಮಿನ ಜಿಡಿಪಿ ಅಂತ ಓದಬೇಡಿ, ಸುದ್ದಿಗಳಲ್ಲಿ ಹಾಗೆ ಬರೆಯುವುದು ಸರಿಯಲ್ಲ. ಗೋಧಿ, ಎಣ್ಣೆ, ಬಟ್ಟೆ, ಗುಲಾಮರ ದುಡಿಮೆ ಯಾವುದೂ ಹಿಮದಲ್ಲಿ ಸೀಸ ಬಿಡುವುದಿಲ್ಲ. ಹಳೆಯ ನಾಣ್ಯ ಕರಗಿಸಿ ಹೊಸದು ಟಂಕಿಸಿದರೆ ಹೊಸ ಅದಿರು ಬೇಕಾಗುವುದಿಲ್ಲ, ಆಗ ವ್ಯಾಪಾರ ಜೋರಾಗಿದ್ದರೂ ಸೀಸ ಇಳಿಯಬಹುದು.